ಗುತ್ತಿಗೆ ಜಮೀನಿನಲ್ಲಿ ಹೈನುಗಾರಿಕೆ: ಹಸು ಕೊಳ್ಳುವ ಮುನ್ನ



ಗುತ್ತಿಗೆ ಜಮೀನಿನಲ್ಲಿ ನಾಲ್ಕು ಹಸು ಸಾಕಬಯಸುವವರು ಮೊದಲು ಸಲಹೆ ಕೇಳುವುದು ತಮ್ಮನ್ನೇ. ಆದುದರಿಂದ ಈ ವಿವರಣೆ.

ಕರ್ನಾಟಕ ಭೂಸುಧಾರಣಾ ಅಧಿನಿಯಮ, 1961ರ 5ನೇ ಪ್ರಕರಣವು ಸೈನಿಕರು, ನಾವಿಕರು ಮುಂತಾದವರ ಜಮೀನನ್ನು ಹೊರತುಪಡಿಸಿ ಕೃಷಿ ಜಮೀನಿನ ಗುತ್ತಿಗೆಯನ್ನು ನಿಷೇಧಿಸುತ್ತದೆ. ಸದರಿ ಅಧಿನಿಯಮದಲ್ಲಿ ಹೈನುಗಾರಿಕೆಯೂ ಕೃಷಿಯೇ. ಛಾಪಾ ಕಾಗದದ ಕರಾರನ್ನು ನಂಬಿ, ಸಾಲ ಮಾಡಿ ಪಕ್ಕಾ ಕೊಟ್ಟಿಗೆ ಕಟ್ಟಿದವರಿಗೆ ಮಾಲೀಕರು ಜಮೀನು ಬಿಡಿಸಿಕೊಂಡಾಗ ರಕ್ಷಣೆ ದೊರೆಯುವುದು ಕಷ್ಟ. ಕೊಟ್ಟಿಗೆಯನ್ನು ಸ್ವಂತ ಹಿತ್ತಿಲಿನಲ್ಲಿಯೇ ಇರಿಸಿ, ನೆರೆಯ ರೈತರು ಬೆಳೆದ ಮೇವನ್ನು ತೂಕದ ಲೆಕ್ಕದಲ್ಲಿ ಕೊಳ್ಳುವುದೇ ಸುರಕ್ಷಿತವೆಂಬುದು ನನ್ನ ಅಭಿಪ್ರಾಯ.

ಹಾಲು ಕರೆಯುವ ಮಿಶ್ರತಳಿ ಹಸುವೊಂದಕ್ಕೆ ದಿನಕ್ಕೆ ಸುಮಾರು 25 ಕೆ.ಜಿ. ಹಸಿರು ಮೇವು, 5 ಕೆ.ಜಿ. ಒಣ ಮೇವು ಬೇಕು. ನಾಲ್ಕು ಹಸುಗಳಿಗೆ ದಿನಕ್ಕೊಂದು ಕ್ವಿಂಟಾಲ್ ಹಸಿರು ಮೇವು. ವರ್ಷಕ್ಕೆ 36 ಟನ್ನಿಗೂ ಅಧಿಕ. ಹೈಬ್ರಿಡ್ ನೇಪಿಯರ್ ಮೊದಲ ಕಟಾವಿಗೆ ಬರಲು ಸುಮಾರು 75 ದಿನಗಳು ಬೇಕಾಗುವುದರಿಂದ ಮೇವಿನ ನಾಟಿ ಮೊದಲು, ಹಸು ಖರೀದಿ ಆನಂತರ.

ಕರು ಹಾಕುವ ಮುನ್ನ ಎರಡು ತಿಂಗಳು ಹಸುವಿಗೆ ಮೇವುಂಟು, ಹಾಲಿಲ್ಲ. ಸಾಲದ ಅರ್ಜಿಗಳೊಂದಿಗಿನ ಯೋಜನಾ ವರದಿಗಳು ಮರೆಯುವುದು ಇದನ್ನೇ. ಮೊದಲು ಎರಡು ಹಸು, ಆರು ತಿಂಗಳ ನಂತರ ಇನ್ನೆರಡು ಕೊಂಡಲ್ಲಿ ನಾಲ್ಕೂ ಒಮ್ಮೆಗೇ ಬತ್ತುವ ಸಂಭವ ಕಡಿಮೆ. ಕಂತು ಕಟ್ಟಲು ಡೇರಿಯ ಹಣ ಬರುತ್ತಿರುತ್ತದೆ.