ತಳ್ಳಿದವರು ಯಾರು? ಯಾರೂ ಅಲ್ಲ!

ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯಿತೆಂದರೆ ಹಾಸನ ಹಾಸನವಾಗಿ ಉಳಿಯುವುದಿಲ್ಲ. ಹೊಳೆನರಸೀಪುರದ ಬಸ್ಸು, ಅರಕಲಗೂಡಿನ ಬಸ್ಸು, ಚನ್ನರಾಯಪಟ್ಟಣದ ಬಸ್ಸು, ಎಲ್ಲವೂ ಬಾಗಿಲವರೆಗೆ ತುಂಬಿಕೊಂಡೇ ಬರುತ್ತವೆ. ಬಲಿಪಾಡ್ಯಮಿ ಮುಗಿದು ಮತ್ತೆ ಬಾಗಿಲು ಹಾಕುವವರೆಗೆ ಲಕ್ಷಗಟ್ಟಲೆ ಜನ. ಹೂವಿನವರಿಗೆ, ಹೋಟೆಲಿನವರಿಗೆ ಸುಗ್ಗಿ, ಪೊಲೀಸರಿಗೆ ನಿದ್ದೆಯಿಲ್ಲ.

2023ರ ನವೆಂಬರ್ 10ರಂದು ಈ ಸರದಿ ಸಾಲಿನ ಹತ್ತಿರ ಕರೆಂಟಿನ ತಂತಿಯಿಂದ ಕೆಲವರಿಗೆ ಶಾಕ್ ಹೊಡೆಯಿತು. ಜನ ದಿಕ್ಕೆಟ್ಟು ಓಡಿದರು, ಒಬ್ಬರ ಮೇಲೊಬ್ಬರು ಬಿದ್ದರು, ಹಲವರಿಗೆ ಪೆಟ್ಟಾಯಿತು. ಶಾಕ್ ಹೊಡೆದದ್ದು ಕೆಲವರಿಗೆ, ಓಡಿದವರೋ ನೂರಾರು. ತಂತಿಯನ್ನು ಕಣ್ಣಲ್ಲೂ ಕಾಣದವರು ಯಾಕೆ ಓಡಿದರು? ಇಂಥದ್ದು ನಡೆದಾಗಲೆಲ್ಲ ಟೀ ಅಂಗಡಿಯಲ್ಲಿ ಮೊದಲು ಏಳುವ ಮಾತು ಒಂದೇ: "ಯಾವನ್ರೀ ಮೊದ್ಲು ತಳ್ಳಿದ್ದು?"

ಈ ಪ್ರಶ್ನೆಯನ್ನೇ ಬೇರೆ ದಾರಿಯಲ್ಲಿ ಹಿಡಿದು ಕೂತವರು ಬೆಂಗಳೂರಿನಲ್ಲಿದ್ದಾರೆ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ. ಅವರ ಶಾಸ್ತ್ರದ ಹೆಸರು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್. ಹೆಸರು ದೊಡ್ಡದು, ಒಳಗಿನ ಮಾತು ಸಣ್ಣದು. ಸೈಕಲ್ ಶಾಪಿನವನು ಟ್ಯೂಬಿಗೆ ಗಾಳಿ ಹೊಡೆಯುವಾಗ ಗಾಳಿಯ ಒಂದೊಂದು ಕಣ ಎಲ್ಲಿಗೆ ಹೋಯಿತು ಅಂತ ನೋಡುತ್ತಾನೆಯೇ? ಬೆರಳಲ್ಲಿ ಅದುಮಿ ಒತ್ತಡ ಸಾಕೇ ಎಂದು ನೋಡುತ್ತಾನೆ, ಅಷ್ಟೆ. ಒಂದೊಂದರ ಲೆಕ್ಕ ಸಿಗದು, ಒಟ್ಟಿನ ಲೆಕ್ಕ ಸಿಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಆಸ್ಟ್ರಿಯಾದ ಬೋಲ್ಟ್ಸ್‌ಮನ್ ಮುಂತಾದವರು ಕಟ್ಟಿದ ವಿದ್ಯೆ ಇದು.

ಗಾಳಿಯ ಕಣಕ್ಕೆ ಸ್ವಂತ ಕಾಲಿಲ್ಲ. ಹಕ್ಕಿಗೆ, ಮೀನಿಗೆ, ಮನುಷ್ಯನಿಗೆ ತಾನಾಗಿ ಚಲಿಸುವ ಶಕ್ತಿ ಇದೆ. ಅಂಥವು ಗುಂಪುಗೂಡಿದರೆ ಹಳೆಯ ಸೂತ್ರ ಸಾಲದು. ಈ ಹೊಸ ಲೆಕ್ಕವನ್ನು ಕಟ್ಟಿದವರಲ್ಲಿ ಜಗತ್ತಿನಲ್ಲೇ ಮುಂಚೂಣಿಯ ಹೆಸರು ಅಲ್ಲಿನ ಪ್ರೊಫೆಸರ್ ಶ್ರೀರಾಮ್ ರಾಮಸ್ವಾಮಿ ಅವರದು.

2014ರಲ್ಲಿ ಅವರೂ ಪ್ರೊಫೆಸರ್ ಅಜಯ್ ಸೂದ್ ಅವರೂ, ಜೊತೆಗೆ ನಿತಿನ್ ಕುಮಾರ್, ಹರ್ಷ್ ಸೋನಿ ಎಂಬ ಯುವಕರೂ ಸೇರಿ ಒಂದು ಪ್ರಯೋಗ ಪ್ರಕಟಿಸಿದರು. ಸಾಮಾನು ನೋಡಿದರೆ ನಗು ಬರಬೇಕು. ಒಂದು ತಟ್ಟೆ, ಅದರೊಳಗೆ ಅರ್ಧ ಸೆಂಟಿಮೀಟರೂ ಇಲ್ಲದ ಹಿತ್ತಾಳೆ ಕಡ್ಡಿಗಳು, ಸುತ್ತ ಸಾಸಿವೆಗಿಂತ ಸಣ್ಣ ಅಲ್ಯೂಮಿನಿಯಂ ಮಣಿಗಳು. ಕಡ್ಡಿಯ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ತಟ್ಟೆಯನ್ನು ವೇಗವಾಗಿ ಅದುರಿಸಿದರೆ ಕಡ್ಡಿ ತನ್ನ ಮುಖ ಇದ್ದ ಕಡೆಗೆ ಓಡುತ್ತದೆ. ಮಣಿಗೆ ಮುಖವೂ ಇಲ್ಲ, ಗುರಿಯೂ ಇಲ್ಲ, ಇದ್ದಲ್ಲೇ ಕುಣಿಯುತ್ತದೆ.

ಮಣಿ ಕಡಿಮೆ ಇದ್ದಾಗ ಕಡ್ಡಿಗಳು ದಿಕ್ಕಿಗೊಂದು. ಮಣಿ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಕಡ್ಡಿಗಳೆಲ್ಲ ಒಟ್ಟಾಗಿ ಒಂದೇ ದಿಕ್ಕಿಗೆ ತಿರುಗಿ ಹೊರಡುತ್ತವೆ! ಕಡ್ಡಿ ಮಣಿಯನ್ನು ನೂಕುತ್ತದೆ, ಆ ಮಣಿ ಮುಂದಿನ ಮಣಿಯನ್ನು, ಅದು ಎಲ್ಲೋ ದೂರದ ಇನ್ನೊಂದು ಕಡ್ಡಿಯನ್ನು ತಿರುಗಿಸುತ್ತದೆ. ಕಡ್ಡಿಗಳು ಒಂದನ್ನೊಂದು ಮುಟ್ಟಬೇಕಾಗಿಯೇ ಇಲ್ಲ. ಮಣಿ ಒತ್ತಾಗಿದ್ದರೆ ಕೆಲವೇ ಕಡ್ಡಿ ಸಾಕು. ಏನೂ ಅರಿಯದ ಮಣಿಗಳೇ ಸುದ್ದಿ ಹೊತ್ತು ಒಯ್ಯುವ ಅಂಚೆಯವರು.

ಮನುಷ್ಯ ಮಣಿಯಲ್ಲ, ಒಪ್ಪೋಣ. ಆದರೆ ಸರದಿಯಲ್ಲಿ ಮೂರು ಗಂಟೆ ನಿಂತವರನ್ನು ಕೇಳಿ ನೋಡಿ. ಕಾಲು ನೆಲಕ್ಕೆ ತಾಗದೆ ಹತ್ತು ಹೆಜ್ಜೆ ಮುಂದೆ ಹೋದವರಿಗೆ ತಾವು ಯಾವ ಜಾತಿಗೆ ಸೇರಿದವರೆಂದು ಗೊತ್ತಿರುತ್ತದೆ.

ಮನುಷ್ಯರ ಮೇಲೆಯೇ ನೋಡಿದ ಲೆಕ್ಕವೂ ಈಗ ಬಂದಿದೆ. ಸ್ಪೇನಿನ ಪಾಂಪ್ಲೋನಾದಲ್ಲಿ ಗೂಳಿ ಓಡಿಸುವ ಹಬ್ಬ ಆರಂಭವಾಗುವ ದಿನ ಒಂದು ಸಣ್ಣ ಚೌಕದಲ್ಲಿ ಸಾವಿರಾರು ಜನ ಸೇರುತ್ತಾರೆ. ಫ್ರಾನ್ಸಿನ ಲಿಯೋನ್ ನಗರದ ಡೆನಿ ಬಾರ್ತೊಲೊ ತಂಡದವರು ಹಲವು ವರ್ಷ ಮೇಲಿನಿಂದ ಅದರ ಚಿತ್ರ ತೆಗೆದು 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಒಂದು ಚದರ ಮೀಟರಿಗೆ, ಅಂದರೆ ಕೇರಂ ಬೋರ್ಡಿಗಿಂತ ತುಸು ದೊಡ್ಡ ಜಾಗಕ್ಕೆ, ಸುಮಾರು ನಾಲ್ಕು ಜನ ದಾಟಿದರೆ ನೂರಾರು ಮಂದಿಯ ಗುಂಪು ತಾನಾಗಿ ಉಯ್ಯಾಲೆಯಂತೆ ಸುತ್ತತೊಡಗುತ್ತದೆ. ಆ ಚೌಕದಲ್ಲಿ ಸುಮಾರು 18 ಸೆಕೆಂಡಿಗೆ ಒಂದು ಸುತ್ತು. ಯಾರೂ ತಳ್ಳಿಲ್ಲ, ಯಾರೂ ಕೂಗಿಲ್ಲ. ಜರ್ಮನಿಯ ಡೂಯಿಸ್‌ಬರ್ಗಿನಲ್ಲಿ 2010ರ ಲವ್ ಪರೇಡ್ ಎಂಬ ಸಂಗೀತದ ಜಾತ್ರೆಯ ಕಾಲ್ತುಳಿತಕ್ಕೆ 21 ಜನ ಬಲಿಯಾದರು. ಅಂದಿನ ಚಿತ್ರಗಳನ್ನು ತೆಗೆದು ನೋಡಿದರೆ ಅಲ್ಲೂ ಅದೇ ಓಲಾಟ!

ಹಾಗಾದರೆ ಹಾಸನಕ್ಕೆ ಇದರಿಂದ ಏನು? ಲಾಠಿ ಹಿಡಿದು ತಳ್ಳಿದವನನ್ನು ಹುಡುಕುವುದರಲ್ಲಿ ಅರ್ಥವಿಲ್ಲ ಎಂಬುದು ಒಂದು. ಬ್ಯಾರಿಕೇಡಿನ ನಡುವೆ ಚದರ ಮೀಟರಿಗೆ ಎಷ್ಟು ಜನ ಅಂತ ಅಳೆಯಲು ಟೇಪು ಸಾಕು, ಕೋಟಿ ಬೇಕಿಲ್ಲ. ಲೆಕ್ಕ ಮೀರಿದಾಗ ಗುಡಿಯ ಬಾಗಿಲಲ್ಲಿ ತಡೆದರೆ ಹಿಂದಿನವರು ಮುಂದಿನವರ ಬೆನ್ನಿಗೆ ಒತ್ತುತ್ತಾರೆ. ತಡೆಯುವುದಾದರೆ ಸಾಲಿನ ಬಾಲದಲ್ಲಿ ತಡೆಯಬೇಕು. ಕ್ಯಾಮೆರಾಗಳು ಕಳ್ಳರ ಮುಖ ನೋಡುವುದರ ಜೊತೆಗೆ ಗುಂಪಿನ ಓಲಾಟವನ್ನೂ ನೋಡಲಿ. ಹಬ್ಬಕ್ಕೆ ಮುಂಚಿನ ಸಭೆಗಳಲ್ಲಿ ಮುನ್ನೂರರ ಟಿಕೆಟ್ಟು, ಸಾವಿರದ ಟಿಕೆಟ್ಟು, ಯಾರಿಗೆ ಪಾಸು ಎಂಬ ಚರ್ಚೆಗೆ ಹೋಗುವ ಹೊತ್ತಿನಲ್ಲಿ ಹತ್ತು ನಿಮಿಷ ಇದಕ್ಕೂ ಸಿಗಬೇಕು.

ಇನ್ನು ಸಾಲಿನಲ್ಲಿ ನಿಲ್ಲುವವರಿಗೆ. ನಿಮ್ಮ ಇಚ್ಛೆಯಿಲ್ಲದೆ ಮೈ ಅತ್ತಿತ್ತ ಓಲಾಡತೊಡಗಿದರೆ ಎದುರು ಬಲ ಹಾಕಬೇಡಿ. ಎರಡೂ ಕೈ ಮಡಿಸಿ ಎದೆಯ ಮುಂದಿಟ್ಟುಕೊಂಡು ಉಸಿರಿಗೆ ಜಾಗ ಮಾಡಿಕೊಳ್ಳಿ, ಮಗುವನ್ನು ಎತ್ತಿಕೊಳ್ಳಿ, ಬಗ್ಗಿ ಚಪ್ಪಲಿ ಹುಡುಕಬೇಡಿ, ಅಲೆ ಸಡಿಲಾದಾಗ ಓರೆಯಾಗಿ ಅಂಚಿಗೆ ಸರಿಯಿರಿ.