ಪಾತ್ರದ ಆಟಗಳಲ್ಲಿ ವರ್ಗ ಮತ್ತು ಕೌಶಲ

ಚದುರಂಗದಲ್ಲಿ ಆನೆ ನೇರವಾಗಿಯೇ ನಡೆಯಬೇಕು. ಒಂಟೆ ಓರೆಯಾಗಿಯೇ ನಡೆಯಬೇಕು. ಎಷ್ಟು ಹೊತ್ತು ಆಡಿದರೂ ಆನೆ ಓರೆನಡಿಗೆಯನ್ನು ಕಲಿಯಲಾರದು. ಹಾಗೆ ಕಲಿಯುವಂತಿದ್ದರೆ ಆಟದ ಸೊಗಸು ಹೆಚ್ಚುತ್ತಿತ್ತೆ, ಕೆಡುತ್ತಿತ್ತೆ? ಪಾತ್ರ ವಹಿಸಿ ಆಡುವ ವೀಡಿಯೋ ಆಟಗಳನ್ನು ರಚಿಸುವವರ ಮುಂದಿರುವುದೂ ಇದೇ ಬಗೆಯ ಪ್ರಶ್ನೆ.

ಈ ಆಟಗಳ ಮೂಲ ಕಂಪ್ಯೂಟರಿನಲ್ಲಿಲ್ಲ. ಮೇಜಿನ ಮೇಲೆ ಕಾಗದವನ್ನೂ ದಾಳಗಳನ್ನೂ ಇಟ್ಟುಕೊಂಡು ಆಡುವ ಆಟದಲ್ಲಿದೆ. ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಟಗಾರನು ಮೊದಲೇ ಒಂದು ವರ್ಗವನ್ನು ಆರಿಸಿಕೊಳ್ಳಬೇಕಾಗಿತ್ತು: ಯೋಧ, ಮಾಂತ್ರಿಕ, ಇಲ್ಲವೆ ಪಾದ್ರಿ. ಯೋಧನಿಗೆ ಮಂತ್ರ ಬಾರದು. ಮಾಂತ್ರಿಕನಿಗೆ ಕವಚ ಸಲ್ಲದು. ಗಾಯ ಮಾಯಿಸಲು ಪಾದ್ರಿ ಬೇಕು. ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬಬೇಕಾದುದರಿಂದ ಎಲ್ಲರಿಗೂ ಎಲ್ಲರೂ ಬೇಕಾದರು. ಇದೇ ವರ್ಗಪದ್ಧತಿಯ ದೊಡ್ಡ ಗುಣ. ದೋಷವೂ ಅಷ್ಟೇ ಸ್ಪಷ್ಟ: ಆಟದ ಪರಿಚಯವಾಗುವ ಮುನ್ನವೇ ಆಟಗಾರನು ತನ್ನ ಭವಿಷ್ಯವನ್ನು ಗೊತ್ತುಮಾಡಿಕೊಳ್ಳಬೇಕು. ಹತ್ತನೆಯ ತರಗತಿ ಮುಗಿದೊಡನೆ ವಿಜ್ಞಾನವೋ ವಾಣಿಜ್ಯವೋ ಎಂದು ನಿರ್ಧರಿಸಬೇಕಾದ ವಿದ್ಯಾರ್ಥಿಗೆ ಈ ಕಷ್ಟ ಅಪರಿಚಿತವಲ್ಲ.

1978ರಲ್ಲಿ ಬಂದ ‘ರೂನ್‌ಕ್ವೆಸ್ಟ್’ ಎಂಬ ಮೇಜಿನಾಟ ಬೇರೆ ದಾರಿ ಹಿಡಿಯಿತು. ಅದರಲ್ಲಿ ವರ್ಗಗಳಿರಲಿಲ್ಲ, ಒಂದೊಂದು ಕೌಶಲಕ್ಕೂ ನೂರರಲ್ಲಿ ಇಷ್ಟು ಎಂಬ ಅಂಕವಿತ್ತು. ಬಳಸಿ ಯಶಸ್ಸು ಕಂಡ ಕೌಶಲ ಮಾತ್ರ ಬೆಳೆಯಬಹುದಾಗಿತ್ತು. ಅದಕ್ಕೂ 1ರಿಂದ 100ರ ವರೆಗಿನ ದಾಳದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಈಗಿರುವ ಅಂಕಕ್ಕಿಂತ ಹೆಚ್ಚಿನ ಸಂಖ್ಯೆ ಬೀಳಬೇಕಾಗಿತ್ತು. ಕತ್ತಿವರಸೆಯಲ್ಲಿ 30 ಅಂಕವುಳ್ಳವನಿಗೆ ಹೀಗಾಗುವ ಸಂಭವ ನೂರಕ್ಕೆ 70. 90 ಅಂಕವುಳ್ಳವನಿಗೆ ಕೇವಲ 10. ಕಲಿತಂತೆಲ್ಲ ಕಲಿಕೆ ನಿಧಾನವಾಗುತ್ತದೆಂಬ ಲೋಕಾನುಭವವನ್ನು ಇಷ್ಟು ಸರಳವಾದ ಗಣಿತದಲ್ಲಿ ಹಿಡಿದಿಟ್ಟದ್ದು ಮೆಚ್ಚತಕ್ಕ ಸಂಗತಿ.

ಹಾಗಾದರೆ ವರ್ಗವನ್ನು ಕಿತ್ತುಹಾಕಿದರೆ ಸಮಸ್ಯೆ ಮುಗಿಯಿತೆ? ಇಲ್ಲ. ಜಪಾನಿನ ‘ಫೈನಲ್ ಫ್ಯಾಂಟಸಿ’ ವೀಡಿಯೋ ಆಟದ ಮೊದಲ ಭಾಗದಲ್ಲಿ (1987) ಆರು ವರ್ಗಗಳಿದ್ದುವು. ಮರುವರ್ಷದ ಎರಡನೆಯ ಭಾಗ ಅವನ್ನು ಕೈಬಿಟ್ಟು, ಮಾಡಿದ ಕೆಲಸವೇ ಬೆಳೆಯುವಂತೆ ಏರ್ಪಡಿಸಿತು. ಕಾಳಗದಲ್ಲಿ ಪೆಟ್ಟು ತಿಂದವನ ತಾಳಿಕೆ ಹೆಚ್ಚುತ್ತಿತ್ತು. ಇದನ್ನರಿತ ಚತುರ ಆಟಗಾರರು ಶತ್ರುವನ್ನು ಬಿಟ್ಟು ತಮ್ಮ ಸಂಗಡಿಗರನ್ನೇ ಹೊಡೆದು ಬಲಪಡಿಸತೊಡಗಿದರು! 2011ರ ‘ಸ್ಕೈರಿಮ್’ ಆಟದಲ್ಲಿಯೂ ವರ್ಗಗಳಿಲ್ಲ, 18 ಕೌಶಲಗಳಿವೆ. ತಾಳ್ಮೆಯುಳ್ಳವನು ಅವೆಲ್ಲವನ್ನೂ ನೂರಕ್ಕೆ ಮುಟ್ಟಿಸಬಹುದು. ಆಗ ಒಬ್ಬನೇ ಯೋಧನೂ ಮಾಂತ್ರಿಕನೂ ಕಳ್ಳನೂ ಆಗುತ್ತಾನೆ. ಎಲ್ಲವನ್ನೂ ಬಲ್ಲ ಇಬ್ಬರು ವೀರರ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ.

ಇದಕ್ಕೊಂದು ಪರಿಹಾರ, ಅನೇಕರು ಜಾಲದ ಮೂಲಕ ಒಟ್ಟಿಗೆ ಆಡುವ ‘ಅಲ್ಟಿಮಾ ಆನ್‌ಲೈನ್’ (1997) ಆಟದಲ್ಲಿ ಕಂಡುಬಂದಿತು. ಅಲ್ಲಿಯೂ ವರ್ಗಗಳಿರಲಿಲ್ಲ. ಆದರೆ ಒಂದು ಕೌಶಲಕ್ಕೆ ಗರಿಷ್ಠ 100 ಅಂಕ, ಎಲ್ಲ ಕೌಶಲಗಳಿಗೂ ಸೇರಿ 700 ಅಂಕ ಎಂಬ ಮಿತಿಯಿತ್ತು. ಏಳು ಕೌಶಲಗಳಲ್ಲಿ ಪಾರಂಗತನಾದವನು ಎಂಟನೆಯದನ್ನು ಬಯಸಿದರೆ ಕಲಿತ ಯಾವುದಾದರೊಂದನ್ನು ಮರೆಯಲೇಬೇಕು. ಹೀಗಾಗಿ ಕಮ್ಮಾರಿಕೆಯಲ್ಲಿ ತೊಡಗಿದವನಿಗೆ ಯೋಧನ ರಕ್ಷಣೆ ಬೇಕಾಯಿತು. ಯೋಧನಿಗೆ ಕಮ್ಮಾರನು ಮಾಡಿದ ಕವಚ ಬೇಕಾಯಿತು.

ಆದುದರಿಂದ ನಿಜವಾದ ಪ್ರಶ್ನೆ ಬಂಧನವೋ ಸ್ವಾತಂತ್ರ್ಯವೋ ಎಂಬುದಲ್ಲ. ಮಿತಿಯನ್ನು ಎಲ್ಲಿ ಇಡಬೇಕು ಎಂಬುದು. ವರ್ಗಪದ್ಧತಿ ಅದನ್ನು ಬಾಗಿಲಲ್ಲೇ ಇಡುತ್ತದೆ. ಒಳ್ಳೆಯ ಕೌಶಲಪದ್ಧತಿ ಅನುಭವ ಬಂದ ಬಳಿಕ ಇಡುತ್ತದೆ. ಮಿತಿಯೇ ಇಲ್ಲದ ಕಡೆ ಆಯ್ಕೆಗೆ ಅರ್ಥವೂ ಇರದು. ಚದುರಂಗವೂ ಇದನ್ನು ಬಲ್ಲದು. ಕೊನೆಯ ಸಾಲನ್ನು ಮುಟ್ಟಿದ ಕಾಲಾಳು ಮಂತ್ರಿಯಾಗಬಹುದು, ಕುದುರೆಯಾಗಬಹುದು; ಒಮ್ಮೆಗೇ ಎರಡೂ ಆಗಲಾರದು.