ಬೇತಾಳನನ್ನು ಮತ್ತೆ ಹೆಗಲಿಗೇರಿಸುವವರು ಯಾರು?

ಹಿರಿದ ಕತ್ತಿ, ಹೆಗಲ ಮೇಲೆ ಜೋತುಬಿದ್ದ ಶವ, ಹಿಂದೆ ಸ್ಮಶಾನ. ಇಷ್ಟು ಹೇಳಿದರೆ ಸಾಕು, ಐವತ್ತು ದಾಟಿದ ಕನ್ನಡಿಗರಿಗೆ ‘ಚಂದಮಾಮ’ದ ಆ ಪುಟ ಕಣ್ಣಿಗೆ ಕಟ್ಟುತ್ತದೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಅಚ್ಚಾಗುತ್ತಿದ್ದುದು ಮದ್ರಾಸಿನ ವಡಪಳನಿಯಲ್ಲಿ. ಕಥೆ ಮೊದಲು ತೆಲುಗಿನಲ್ಲಿ ಸಿದ್ಧವಾಗಿ ಉಳಿದ ಭಾಷೆಗಳಿಗೆ ಅನುವಾದವಾಗುತ್ತಿತ್ತು. ಚಿತ್ರ ಮಾತ್ರ ಎಲ್ಲರಿಗೂ ಒಂದೇ. ಹೀಗಾಗಿ ಮೈಸೂರಿನ ಮಗುವೂ ವಿಜಯವಾಡದ ಮಗುವೂ ಹೆದರಿದ್ದು ಆ ಶವದೊಳಗಿನ ಒಂದೇ ಬೇತಾಳನಿಗೆ.

ಶವ ಹೊತ್ತ ಆ ವಿಕ್ರಮ ರಾಜನ ಚಿತ್ರ ಬರೆದವರು ಶಂಕರ್, ಪೂರ್ಣ ಹೆಸರು ಕೆ.ಸಿ. ಶಿವಶಂಕರನ್. ಅದನ್ನು ನಿಧಾನವಾಗಿ ನೋಡಬೇಕು. ಭಾರ ಹೊತ್ತ ಮನುಷ್ಯ ಬಗ್ಗುತ್ತಾನೆ. ಈ ವಿಕ್ರಮ ಬಗ್ಗಿಲ್ಲ. ನಡಿಗೆಯಲ್ಲಿ ಅವಸರವೂ ಇಲ್ಲ, ಅಳುಕೂ ಇಲ್ಲ. ಭಯವೆಲ್ಲ ಅವನ ಸುತ್ತಲಿನ ಕತ್ತಲಲ್ಲಿದೆ. ಒಂದೇ ಚೌಕಟ್ಟಿನಲ್ಲಿ ಹೆದರಿಸುವುದನ್ನೂ ಧೈರ್ಯ ಹೇಳುವುದನ್ನೂ ಒಟ್ಟಿಗೆ ಮಾಡಿದ ಚಿತ್ರ ಮಕ್ಕಳ ಸಾಹಿತ್ಯದಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಶಂಕರ್ 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ, ಮರಣೋತ್ತರವಾಗಿ. ಅದೇ ಪತ್ರಿಕೆಯಲ್ಲಿ ಮಹಾಭಾರತದ ಮುಖಪುಟಗಳನ್ನು ಬರೆದು ಹೆಸರಾದ ಎಂ.ಟಿ.ವಿ. ಆಚಾರ್ಯ ನಮ್ಮ ಮೈಸೂರು ಸೀಮೆಯವರು. ಮುಂದೆ ಬೆಂಗಳೂರಿನಲ್ಲಿದ್ದುಕೊಂಡು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದವರೂ ಅವರೇ.

ಕಥೆಯ ಹೆಣಿಗೆ ಬಹಳ ಹಳೆಯದು. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬರೆದ ‘ಕಥಾಸರಿತ್ಸಾಗರ’ದೊಳಗೆ ಬೇತಾಳನ ಇಪ್ಪತ್ತೈದು ಕಥೆಗಳಿವೆ. ಸೋಮದೇವನಿಗೆ ಮೂಲವಾದ ಗುಣಾಢ್ಯನ ‘ಬೃಹತ್ಕಥೆ’ಯನ್ನು ಗಂಗರ ದುರ್ವಿನೀತ ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ಶಾಸನ ಹೇಳುತ್ತದೆ, ಅಂದಮೇಲೆ ಈ ಕಥಾಪರಂಪರೆಗೆ ನಮ್ಮ ನೆಲದ ನಂಟೂ ಉಂಟು. ಹೆಗಲ ಮೇಲಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುತ್ತದೆ, ಬಾಯಿ ಬಿಟ್ಟರೆ ಶವ ಮರಕ್ಕೆ ಹಾರುತ್ತದೆ. ಮೂಲದಲ್ಲಿ ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯದೆ ಅವನು ಮೌನವಾಗುತ್ತಾನೆ. ಬೇತಾಳ ಮೆಚ್ಚಿ, ಶವ ತರಲು ಕಳಿಸಿದ್ದ ಸನ್ಯಾಸಿಯ ಸಂಚು ತಿಳಿಸಿ ರಾಜನ ಜೀವ ಉಳಿಸುತ್ತಾನೆ. ಚಂದಮಾಮ ಆ ಕೊನೆಗೆ ಹೋಗಲೇ ಇಲ್ಲ. ಮೂಲದ ಕಥೆಗಳು ಮುಗಿದ ಮೇಲೆ ಅದೇ ಚೌಕಟ್ಟಿಗೆ ಹೊಸ ಕಥೆ, ಹೊಸ ಧರ್ಮಸಂಕಟ ಕೂರಿಸುತ್ತ ದಶಕಗಟ್ಟಲೆ ನಡೆಸಿತು. 1985ರಲ್ಲಿ ರಮಾನಂದ ಸಾಗರ್ ದೂರದರ್ಶನದಲ್ಲಿ ‘ವಿಕ್ರಮ್ ಔರ್ ಬೇತಾಳ್’ ತಂದಾಗ ಅರುಣ್ ಗೋವಿಲ್ ರಾಜನಾದರು, ಸಜ್ಜನ್ ಬೇತಾಳನಾದರು.

ಈಗ ಮೈಸೂರಿನ ಹಿನಕಲ್‌ನ ನಮ್ಮ ಬೀದಿಯ ಮಕ್ಕಳ ಮೊಬೈಲಿನಲ್ಲಿ ಜಪಾನಿನ ದೆವ್ವಗಳು ಓಡಾಡುತ್ತವೆ. ಅದರಲ್ಲಿ ನನಗೆ ಬೇಸರವಿಲ್ಲ. ಆ ದೆವ್ವಗಳ ಹಿಂದಿರುವ ದುಡಿಮೆ ಕಂಡರೆ ಗೌರವವೇ ಮೂಡುತ್ತದೆ. ಅಲ್ಲಿಯ ಕಿತಾರೋನನ್ನೇ ನೋಡಿ. ಸ್ಮಶಾನದಲ್ಲಿ ಹುಟ್ಟಿದ ಒಕ್ಕಣ್ಣ ಹುಡುಗ. ಅಪ್ಪ ಸತ್ತು ಉಳಿದದ್ದು ಒಂದು ಕಣ್ಣುಗುಡ್ಡೆ; ಅದಕ್ಕೇ ಕೈಕಾಲು ಮೂಡಿದೆ, ಅದು ಬಟ್ಟಲಿನಲ್ಲಿ ಬಿಸಿನೀರಿನ ಸ್ನಾನ ಮಾಡುತ್ತ ಮಗನಿಗೆ ಬುದ್ಧಿ ಹೇಳುತ್ತದೆ! ಈ ಹುಡುಗ ಮೊದಲು ಕಾಣಿಸಿಕೊಂಡದ್ದು 1930ರ ದಶಕದ ಬೀದಿಬದಿಯ ಚಿತ್ರಪಟದ ಆಟಗಳಲ್ಲಿ. ಯುದ್ಧದಲ್ಲಿ ಎಡಗೈ ಕಳೆದುಕೊಂಡ ಶಿಗೆರು ಮಿಝುಕಿ, ಬಾಲ್ಯದಲ್ಲಿ ನೆರೆಯ ಅಜ್ಜಿಯೊಬ್ಬಳಿಂದ ಕೇಳಿದ ದೆವ್ವದ ಕಥೆಗಳನ್ನೆಲ್ಲ ಸೇರಿಸಿ, 1960ರಿಂದ ಅವನನ್ನು ಮಾಂಗಾ ಎಂಬ ಚಿತ್ರಕಥೆಯಾಗಿ ಬರೆದರು. 1968ರಲ್ಲಿ ಟಿವಿಗೆ ಬಂತು. ಆಮೇಲೆ 1971, 1985, 1996, 2007, 2018ರಲ್ಲಿ ಹೊಸದಾಗಿ ಮತ್ತೆ ಮತ್ತೆ ಬಂತು. ಮಿಝುಕಿ 2015ರಲ್ಲಿ ತೀರಿಕೊಂಡರೂ ಕಿತಾರೋ ನಿಲ್ಲಲಿಲ್ಲ. ಮಿಝುಕಿ ಬೆಳೆದ ಸಕಾಯಿಮಿನಾತೊ ಊರಿನ ರಸ್ತೆಯುದ್ದಕ್ಕೂ ಈ ದೆವ್ವಗಳ ಕಂಚಿನ ಪ್ರತಿಮೆಗಳಿವೆ.

ನಮ್ಮ ಬೇತಾಳನಿಗೆ ಆ ಭಾಗ್ಯ ಬರಲಿಲ್ಲ. 1998ರಲ್ಲಿ ಕಾರ್ಮಿಕರ ತಗಾದೆಯಿಂದ ನಿಂತ ಚಂದಮಾಮ ಮರುವರ್ಷ ಮತ್ತೆ ಆರಂಭವಾಯಿತು. 2007ರಲ್ಲಿ ಮುಂಬೈ ಕಂಪನಿಯೊಂದರ ಕೈ ಸೇರಿತು. ಕೆಲವೇ ವರ್ಷಗಳಲ್ಲಿ ಮುಚ್ಚಿತು. ಪತ್ರಿಕೆಯೊಂದು ನಿಂತರೆ ಅದರ ದೆವ್ವವೂ ನಿಲ್ಲಬೇಕೆಂದೇನಿಲ್ಲ. ತಲೆಮಾರಿಗೊಮ್ಮೆ ಹೊಸ ಕುಂಚ ಸಿಗದಿದ್ದದ್ದೇ ಕೊರತೆ.

ಮೈಸೂರಿನಲ್ಲೇ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ನಮ್ಮ ಕಾವಾ. ಅಲ್ಲಿ ಗೆರೆ ಎಳೆಯುವುದನ್ನು ಕಲಿಯುತ್ತಿರುವ ಹುಡುಗ ಹುಡುಗಿಯರೇ, ಶಂಕರ್ ಅವರನ್ನು ನಕಲು ಮಾಡಬೇಡಿ. ಈ ಕಾಲದ ಧರ್ಮಸಂಕಟಗಳನ್ನು ಕೇಳುವ ನಿಮ್ಮದೇ ಬೇತಾಳನನ್ನು ಕನ್ನಡದಲ್ಲಿ ಬರೆಯಿರಿ. ಮನೆಯ ಅಟ್ಟದಲ್ಲಿ ಬೈಂಡ್ ಮಾಡಿಸಿಟ್ಟ ಚಂದಮಾಮಗಳಿರುವವರು ಅವನ್ನು ರದ್ದಿಗೆ ಹಾಕದೆ ಈ ಮಕ್ಕಳಿಗೆ ತೋರಿಸಿ. ಸೋಮದೇವನ ಕಥೆಗೆ ಯಾರ ಅನುಮತಿಯೂ ಬೇಕಿಲ್ಲ.